ಮಂಗಳೂರು ಅಳಿವೆ ಆಚೆ ಗಾಳ ಹಾಕಲು ಹೋಗುವವರಿಗೆ

ದೋಣಿ ಗೊತ್ತುಮಾಡುವ ಮೊದಲು ಭರತ ಇಳಿತದ ಸಮಯ ನೋಡಿ. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿನಿಂದ ಪಡುವಣ ಗಾಳಿ ಬೀಸಿದರೆ ಅಳಿವೆ ಬಾಗಿಲಲ್ಲಿ ಅಲೆಗಳು ಒತ್ತೊತ್ತಾಗಿ ಕಡಿದಾಗಿ ಏಳುತ್ತವೆ. ಸಣ್ಣ ದೋಣಿ ಮಗುಚುವುದು ಹೆಚ್ಚಾಗಿ ಇಂಥಲ್ಲೇ. ಬೆಳಕು ಹರಿಯುವಾಗ ಹೊರಟು, ಮಧ್ಯಾಹ್ನದ ಗಾಳಿ ಬಲಿಯುವ ಮುಂಚೆ ಒಳಗೆ ಬನ್ನಿ. ಇನ್‌ಕಾಯಿಸ್‌ನ (ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ) ಅಲೆ ಮುನ್ಸೂಚನೆ ಹಿಂದಿನ ರಾತ್ರಿಯೇ ನೋಡಿ. ಲೈಫ್ ಜಾಕೆಟ್ ತೊಟ್ಟೇ ಕೂರಬೇಕು, ಸೀಟಿನಡಿ ಇಟ್ಟರೆ ಉಪಯೋಗವಿಲ್ಲ.

ಮರಳು ತಳದ ಕಾಣೆ ಮೀನಿಗೆ ಸಣ್ಣ ಗಾಳ, ಬೆರಳುಗುರಿನಷ್ಟು ಸಿಗಡಿ ಚೂರು ಸಾಕು. ಅಂಜಲ್ ಮೀನಿಗೆ ಗಾಳದ ಮೇಲೆ ಒಂದು ಗೇಣು ಉಕ್ಕಿನ ತಂತಿ ಬೇಕೇ ಬೇಕು, ಇಲ್ಲದಿದ್ದರೆ ಅದರ ಹಲ್ಲು ನೈಲಾನ್ ದಾರವನ್ನು ಕತ್ತರಿಸುತ್ತದೆ. ರೀಲಿನ ಡ್ರ್ಯಾಗನ್ನು (ಮೀನು ಎಳೆದಾಗ ದಾರ ಬಿಚ್ಚಿಕೊಳ್ಳುವುದಕ್ಕಿರುವ ತಡೆ) ದಾರದ ಬಲದ ಕಾಲು ಭಾಗಕ್ಕೆ ಬಿಗಿಮಾಡಿ: 8 ಕಿಲೋ ದಾರಕ್ಕೆ 2 ಕಿಲೋ. ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಿದರೆ ತಿಳಿಯುತ್ತದೆ.

ವಾಂತಿಯ ಮಾತ್ರೆ ಹತ್ತುವ ಒಂದು ಗಂಟೆ ಮೊದಲು, ತಲೆ ತಿರುಗಿದ ಮೇಲಲ್ಲ. ತೊರಕೆ (ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆ ಮೀನು) ಸಿಕ್ಕಿದರೆ ಕೈ ಹಾಕಬೇಡಿ, ದಾರ ಕತ್ತರಿಸಿಬಿಡಿ.

ಮೀನಿನಷ್ಟೇ ತೂಕದ ಪುಡಿ ಐಸ್ ಒಯ್ಯಿರಿ. ಬಂಗುಡೆ ಬಿಸಿಲಲ್ಲಿ ಬಹಳ ಬೇಗ ಕೆಡುತ್ತದೆ, ತಿಂದರೆ ಮೈ ತುರಿಕೆ ಬರಬಹುದು, ಬೇಯಿಸಿದರೂ ಆ ದೋಷ ಹೋಗುವುದಿಲ್ಲ.