ಜ್ವರ ಮುಚ್ಚಿಡೋದು ನಿಂತಿದ್ದು ಹಾಲಿನ ಲೆಕ್ಕದಿಂದ

"ಹಾಲು ಹಾಕೋದು ನಿಂತ್ರೆ ಮೇವಿಗೆ ದುಡ್ಡು ಎಲ್ಲಿಂದ ತರ್ಲಿ, ಅಕ್ಕ?" 2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯಲ್ಲಿ ಜ್ವರ ವಿಚಾರಿಸೋಕೆ ನಾನು ಮನೆಮನೆ ಸುತ್ತುವಾಗ, ಮೈ ಸುಡುತ್ತಿದ್ದರೂ "ಏನೂ ಇಲ್ಲ" ಅಂತ ಬಾಗಿಲಿಗೆ ಅಡ್ಡ ನಿಂತ ಹೆಂಗಸಿನ ಮಾತಿದು. ನನಗೆ ದಾರಿ ಸಿಕ್ಕಿದ್ದು ಇದರಿಂದಲೇ.

ಅಲ್ಲಿವರೆಗೆ ಮಾಡಿದ್ದೆಲ್ಲ ಸೋತಿತ್ತು. ಆಟೋಗೆ ಮೈಕ್ ಕಟ್ಟಿ ಮೂರು ದಿನ ಕೂಗಿಸಿದೆವು, ಸುಮಾರು 1,500 ರೂಪಾಯಿ ನೀರಿಗೆ ಹಾಕಿದ ಹಾಗಾಯಿತು. 2020ರಲ್ಲಿ ಹಳ್ಳಿಗೆ 100 ರೂಪಾಯಿ ಮಾಸ್ಕ್ ದಂಡ ಬಂದಾಗ ಜನ ಜೀಪು ಕಂಡರೆ ಟವೆಲ್ ಮೂಗಿಗೇರಿಸೋರು, ತಿರುವು ದಾಟಿದರೆ ಇಳಿಸೋರು. ಸಾವಿನ ಲೆಕ್ಕ ಹೇಳಿ ಹೆದರಿಸಿದ್ದಂತೂ ಇನ್ನೂ ಕೆಟ್ಟಿತು. ನನ್ನನ್ನು ಕಂಡರೆ ಕದ ಹಾಕಿಕೊಳ್ಳೋರು. ಜ್ವರ ಅಂತ ಗೊತ್ತಾದರೆ ಡೈರಿಯಿಂದ ಹಾಲು ವಾಪಸ್. ಮುಚ್ಚಿಡದೆ ಇನ್ನೇನು ಮಾಡ್ತಾರೆ?

ಒಂದು ಹಸುವಿಂದ ದಿನಕ್ಕೆ ಎರಡು ಹೊತ್ತು ಸೇರಿ 8 ಲೀಟರ್, ಲೀಟರಿಗೆ 25ರ ಆಸುಪಾಸು, 14 ದಿನ ಮನೆಯೊಳಗೇ ಇದ್ದರೆ ಹೋಗೋದು 2,800. ಅಷ್ಟು ಕಳೆದುಕೊಂಡು ಯಾರೂ ಒಳಗೆ ಕೂರಲ್ಲ. ಸಂಘದ ಹೆಂಗಸರನ್ನು ಸೇರಿಸಿ ಒಂದು ಏರ್ಪಾಡು ಮಾಡಿದೆ. ಸೋಂಕಿರೋ ಮನೆ ಹಸು ಪಕ್ಕದ ಕೊಟ್ಟಿಗೆಗೆ. ಅಲ್ಲಿನವರೇ ಹಾಲು ಕರೆದು ತಮ್ಮ ಪಾಸ್‌ಬುಕ್ಕಿಗೆ ಹಾಕಿ, ಬಟವಾಡೆ ದಿನ ದುಡ್ಡು ತಲುಪಿಸಬೇಕು. "ಎರಡು ದಿನವೂ ನಡೆಯಲ್ಲ" ಅಂದರು ನಮ್ಮ ಮೇಲಿನವರು. ಡೈರಿಯವರನ್ನು ಹೇಗೆ ಒಪ್ಪಿಸಿದೆ ಅನ್ನೋದು ನನ್ನಲ್ಲೇ ಇರಲಿ.

ಮೊದಲ ದಿನ ಆ ಹೆಂಗಸಿನ ಹಸು ಒದ್ದು ಮೂರು ಲೀಟರ್ ಮಣ್ಣುಪಾಲು. ಮಾರನೇ ದಿನ ಒಡತಿಯ ಹಳೇ ಸೀರೆಯನ್ನು ಸೋಪು ನೀರಲ್ಲಿ ಕುದಿಸಿ, ಬಿಸಿಲಲ್ಲಿ ಒಣಗಿಸಿ ಪಕ್ಕದವಳಿಗೆ ಉಡಿಸಿದೆ. ಹಸು ಸೆರಗು ಮೂಸಿತು, ಕಿವಿ ಆಡಿಸಿತು, ನಿಧಾನಕ್ಕೆ ಸೊರ ಬಿಟ್ಟಿತು.

ವಾರದೊಳಗೆ ಹತ್ತು ಹನ್ನೊಂದು ಮನೆಯವರು ತಾವಾಗೇ ನನ್ನನ್ನು ಕರೆಸಿ ಆಕ್ಸಿಮೀಟರಿಗೆ ಬೆರಳು ಕೊಟ್ಟರು. ನನ್ನ ಕೈಯಿಂದ ಹೋಗಿದ್ದು 400 ದಾಟಲಿಲ್ಲ. ನಾನು ನೆನೆಸದೇ ಇದ್ದದ್ದು ಮಾಸ್ಕ್ ವಿಷಯ. ತಾನು ಮಲಗಿದರೆ ಎರಡು ಮನೆ ಹಾಲು ನಿಲ್ಲುತ್ತೆ ಅಂತ ಹಸು ಕರೆಯೋಳಿಗೆ ಗೊತ್ತು. ಅವಳ ಮೂಗಿಂದ ಮಾಸ್ಕ್ ಕೆಳಗಿಳಿದಿದ್ದನ್ನು ನಾನು ಕಾಣಲಿಲ್ಲ.

ಕೈ ತೊಳೀಲಿ ಅಂತ ಡೈರಿ ನಲ್ಲಿ ಹತ್ತಿರ ಸೋಪಿಟ್ಟೂ ನೋಡಿದೆ. ಎರಡು ಸೋಪು ಕಾಗೆ ಪಾಲು. ಈರುಳ್ಳಿ ಚೀಲದ ಬಲೆಯಲ್ಲಿ ಕಟ್ಟಿ ನೇತುಹಾಕಿದ್ದು ತಿಂಗಳು ಬಂತು.

ಬಟವಾಡೆ ದಿನ, ಬಾಗಿಲಿಗೆ ಅಡ್ಡ ನಿಂತಿದ್ದ ಆ ಹೆಂಗಸು ಜಗಲಿ ಮೇಲೆ ಕೂತು ದುಡ್ಡು ಎರಡು ಸಲ ಎಣಿಸಿದಳು, ಚೆಲ್ಲಿದ್ದು ಬಿಟ್ಟು 2,700 ಚಿಲ್ಲರೆ. ಜೂನ್‌ನಲ್ಲಿ ಹಿಂದಿನ ಬೀದಿಯ ಹಸು ಅವಳ ಕೊಟ್ಟಿಗೆಗೆ ಬಂತು.