ಲೈವ್ ಸೆಟ್‌ಗೆ ಸಬ್ ವೂಫರ್, ಟಾಪ್ ಸ್ಪೀಕರ್ ಕನೆಕ್ಟ್ ಮಾಡೋದು ಹೇಗೆ

ತೀರ್ಥಹಳ್ಳಿ ಕಡೆ ಒಂದು ಮನೆಯ ಅಡಿಕೆ ಅಂಗಳದಲ್ಲಿ ನಮ್ಮ ಸೆಟ್ ಇತ್ತು, ಎರಡು ಆಕ್ಟಿವ್ ಟಾಪ್ (ಒಳಗೇ ಆಂಪ್ಲಿಫೈಯರ್ ಇರೋ, ಬೇಸ್ ಬಿಟ್ಟು ಉಳಿದ ಸದ್ದಿನ ಸ್ಪೀಕರ್), ಒಂದು 18 ಇಂಚಿನ ಸಬ್ (ಬರೀ ಬೇಸ್ ನುಡಿಸೋ ವೂಫರ್). ಕಿಕ್ ಡ್ರಮ್ ಹಾಕಿದ್ರೆ ಸಬ್ ಹತ್ರ ಧಡ್ ಅನ್ನತ್ತೆ, ಜನ ನಿಲ್ಲೋ ಜಾಗಕ್ಕೆ ಬಂದ್ರೆ ಕಿಕ್ಕೇ ಮಾಯ. ಎಷ್ಟು ಏರಿಸಿದ್ರೂ ಲಿಮಿಟರ್ (ಸಿಗ್ನಲ್ ಮಿತಿ ಮೀರದ ಹಾಗೆ ತಡೆಯೋದು) ದೀಪ ಕೆಂಪಾಯ್ತೇ ಹೊರತು ಬೇಸ್ ಬರ್ಲಿಲ್ಲ. ಕಡೆಗೆ ಸಬ್ ಹಿಂದಿರೋ ಪೊಲಾರಿಟಿ ಸ್ವಿಚ್ (ಸಿಗ್ನಲ್‌ನ ಪ್ಲಸ್ ಮೈನಸ್ ಅದಲುಬದಲು ಮಾಡೋದು) ಒತ್ತಿದ್ದೇ ತಡ, ಕಿಕ್ ಎದೆಗೇ ಬಂದು ಬಡೀತು, ಮಾಡಿನ ಹಂಚು ಗಿರ್ ಅಂತು.

ವೈರಿಂಗ್ ಸುಲಭ. ಲ್ಯಾಪ್‌ಟಾಪ್‌ನ ಆಡಿಯೋ ಇಂಟರ್‌ಫೇಸ್ ಅಥವಾ ಮಿಕ್ಸರ್‌ನ ಲೆಫ್ಟ್, ರೈಟ್ ಔಟ್‌ನಿಂದ ಬ್ಯಾಲೆನ್ಸ್ಡ್ (ಹೊರಗಿನ ನಾಯ್ಸ್ ತಡೆಯೋ) ಕೇಬಲಲ್ಲಿ ಸಬ್‌ನ ಇನ್‌ಪುಟ್‌ಗೆ, ಸಬ್‌ನ ಔಟ್‌ನಿಂದ ಟಾಪ್‌ಗಳಿಗೆ. ಇಲ್ಲೊಂದು ವಿಷ್ಯ ಗಮನಿಸಿ, ಸಬ್ ಮೇಲೆ ಹೈಪಾಸ್ ಔಟ್ (ಬೇಸ್ ಕತ್ತರಿಸಿ ಉಳಿದದ್ದನ್ನ ಮಾತ್ರ ಕಳಿಸೋದು) ಅಂತ ಇದ್ರೆ ಅದನ್ನೇ ತಗೊಳ್ಳಿ, ಥ್ರೂ ಅಂತ ಇರೋದ್ರಲ್ಲಿ ಪೂರ್ತಿ ಸಿಗ್ನಲ್ ಹಾಗೇ ಹೋಗತ್ತೆ, ಆಗ ಟಾಪ್‌ನಲ್ಲೇ ಹೈಪಾಸ್ ಆನ್ ಮಾಡ್ಬೇಕು, ಇಲ್ಲಾಂದ್ರೆ ಪಾಪ ಟಾಪ್‌ನ 10 ಇಂಚಿನ ಕೋನು ಸಬ್‌ನ ಕೆಲಸಾನೂ ಮಾಡೋಕೆ ಹೋಗಿ ಒದ್ದಾಡತ್ತೆ. ಕ್ರಾಸ್‌ಓವರ್ (ಸಬ್ ಮುಗಿದು ಟಾಪ್ ಶುರುವಾಗೋ ಫ್ರೀಕ್ವೆನ್ಸಿ) 80ರಿಂದ 100 ಹರ್ಟ್ಸ್ ಒಳಗೆ ಇಟ್ಟು ಶುರು ಮಾಡಿ. ಸಬ್ ಒಂದೇ ಇದ್ರೆ ಟ್ರ್ಯಾಕ್‌ನ ಬೇಸನ್ನ ಮೊದಲೇ ಮೋನೋ (ಎಡ ಬಲ ಎರಡರಲ್ಲೂ ಒಂದೇ) ಮಾಡಿಟ್ಕೊಳ್ಳಿ.

ಆಮೇಲೆ ಪೊಲಾರಿಟಿ. ಕ್ರಾಸ್‌ಓವರ್ ಎಷ್ಟಿದ್ಯೋ ಅಷ್ಟೇ ಹರ್ಟ್ಸಿನ ಸೈನ್ ಟೋನ್ ಸಣ್ಣಗೆ ಹಾಕಿ, ಜನರ ಮಧ್ಯದ ಜಾಗದಲ್ಲಿ ನಿಂತ್ಕೊಂಡು ಇನ್ನೊಬ್ರ ಕೈಲಿ ಸ್ವಿಚ್ ಆಚೆ ಈಚೆ ಮಾಡ್ಸಿ, ಯಾವುದರಲ್ಲಿ ಜೋರಾಗಿ ಕೇಳತ್ತೋ ಅದೇ ಸರಿ. 80 ಹರ್ಟ್ಸಿನ ಅಲೆ ಸುಮಾರು 4.3 ಮೀಟರ್ ಉದ್ದ, ಹಾಗಾಗಿ ಸಬ್ಬು ಟಾಪಿಗಿಂತ ಅದರ ಅರ್ಧ, ಅಂದ್ರೆ ಸುಮಾರು ಎರಡು ಮೀಟರ್ ಹಿಂದೋ ಮುಂದೋ ಕೂತ್ರೆ ಒಂದನ್ನೊಂದು ನುಂಗಿಬಿಡತ್ತೆ. ಸಬ್ ಸರಿಸಿದ್ರೆ ಮತ್ತೆ ಚೆಕ್ ಮಾಡಿ.

ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ಕೂಡ್ಲೇ ಗುಂಯ್ ಅಂದ್ರೆ ಟ್ರಾನ್ಸ್‌ಫಾರ್ಮರ್ ಇರೋ ಡಿಐ ಬಾಕ್ಸ್ (ಸಿಗ್ನಲ್ ಮಾತ್ರ ದಾಟಿಸಿ ಅರ್ತ್ ಸಂಪರ್ಕ ಬೇರೆ ಮಾಡೋ ಡಬ್ಬಿ) ಲ್ಯಾಪ್‌ಟಾಪ್ ಮತ್ತು ಮಿಕ್ಸರ್ ನಡುವೆ ಹಾಕಿ. ಪ್ಲಗ್‌ನ ಅರ್ತ್ ಪಿನ್ ಮಾತ್ರ ಯಾವತ್ತೂ ಕಿತ್ತು ಹಾಕ್ಬೇಡಿ, ನಮ್ಮ ಮಳೆಗಾಲದ ಒದ್ದೆ ನೆಲದಲ್ಲಿ ಅದು ಜೀವದ ಪ್ರಶ್ನೆ. ಸಬ್ಬನ್ನ ಹಲಗೆ ಮೇಲಿಡಿ, ಎಕ್ಸ್‌ಟೆನ್ಶನ್ ಬೋರ್ಡ್ ನೆಲಕ್ಕೆ ತಾಗ್ದೇ ಇರ್ಲಿ.

ಆನ್ ಮಾಡುವಾಗ ಮಿಕ್ಸರ್ ಮೊದಲು, ಸಬ್ಬು ಟಾಪು ಕೊನೆಗೆ. ಆಫ್ ಮಾಡುವಾಗ ಸ್ಪೀಕರ್‌ಗಳೇ ಮೊದಲು. ಕರೆಂಟ್ ಹೋದ್ರೆ ಅದು ವಾಪಸ್ ಬರೋದ್ರೊಳಗೆ ಸ್ಪೀಕರ್ ಸ್ವಿಚ್‌ಗಳನ್ನ ಆಫ್ ಮಾಡಿ ಇಟ್ಟಿರಿ.