ಕಾರ್ಡ್‌ಸ್ಟಾಕ್ ಮಡಿಚುವಾಗ ದಪ್ಪಕ್ಕೂ ಜಾಗ ಬಿಡಿ

ಡಿಸೈನ್ ಕಾರ್ಡ್‌ಸ್ಟಾಕ್ (ಚಿತ್ತಾರದ ದಪ್ಪ ಕಾಗದ) ಪ್ಯಾಕೆಟ್ ಬಿಚ್ಚಿದ ಕೂಡಲೇ ಎಲ್ಲರ ಕಣ್ಣೂ ಹೋಗುವುದು ಹೂವು, ಗೆರೆ, ಚಿನ್ನದ ಚುಕ್ಕಿಗಳ ಕಡೆಗೆ. ನಾನು ಈಗೀಗ ಮೊದಲು ಹಾಳೆಯ ಮೂಲೆ ಹಿಡಿದು ದಪ್ಪ ನೋಡುತ್ತೇನೆ. ಗಿಫ್ಟ್ ಕಾರ್ಡ್ ಹೋಲ್ಡರ್, ಜಾರುವ ಪೆಟ್ಟಿಗೆ, ದಿಂಬಿನಾಕಾರದ ಡಬ್ಬಿ ಅಂತ ಏನೇ ಮಾಡಲಿ, ಕೆಲಸ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಕಾಗದಕ್ಕೂ ದಪ್ಪ ಇದೆ ಎನ್ನುವುದನ್ನು ಅಳತೆ ಹಾಕುವಾಗ ಮರೆತುಬಿಡುತ್ತೇವೆ. ಝೆರಾಕ್ಸ್ ಹಾಳೆ 75-80 ಜಿಎಸ್ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ) ಇರುತ್ತದೆ, ಅದರಲ್ಲಿ ಮರೆತರೂ ನಡೆಯುತ್ತದೆ. 250 ಜಿಎಸ್ಎಂ ಕಾರ್ಡ್‌ಸ್ಟಾಕ್ ಒಂದು ಪದರವೇ ಸುಮಾರು 0.3 ಮಿ.ಮೀ. ನಾಲ್ಕು ಪದರ ಒಂದರ ಮೇಲೊಂದು ಕೂತರೆ ಒಂದು ಮಿ.ಮೀ. ದಾಟಿತು. ಮುಚ್ಚಳ ಮುಚ್ಚದೆ ಬಾಯಿ ಬಿಟ್ಟುಕೊಂಡು ನಿಲ್ಲುವುದು ಇದರಿಂದಲೇ.

ಹೋಲ್ಡರ್‌ಗಳಿಗೆ ನನ್ನ ಆಯ್ಕೆ 200ರಿಂದ 250 ಜಿಎಸ್ಎಂ. 300 ದಾಟಿದರೆ ಪೆಟ್ಟಿಗೆಯ ತಳಕ್ಕೆ ಒಳ್ಳೆಯದು, ಆದರೆ ಚಿಕ್ಕ ಮಡಿಕೆಗಳಲ್ಲಿ ಹಟ ಮಾಡುತ್ತದೆ.

ದಪ್ಪ ನೋಡಿದ ಮೇಲೆ ನಾರಿನ ದಿಕ್ಕು. ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ಅದರ ನಾರುಗಳು ಹೆಚ್ಚಾಗಿ ಒಂದೇ ಕಡೆಗೆ ಮಲಗುತ್ತವೆ. ಆ ದಿಕ್ಕಿಗೆ ಮಡಿಚಿದರೆ ಗೆರೆ ನೇರವಾಗಿ, ನಯವಾಗಿ ಬರುತ್ತದೆ. ಅಡ್ಡ ಮಡಿಚಿದರೆ ನಾರು ಮುರಿದು ಮಡಿಕೆಯ ಮೇಲೆ ಬಿಳಿ ಬಿರುಕು ಕಾಣುತ್ತದೆ. ದಿಕ್ಕು ಗೊತ್ತಾಗಬೇಕಾದರೆ ಹಾಳೆಯನ್ನು ಮಡಿಚದೆ ಸುಮ್ನೆ ಎರಡು ಕಡೆಯಿಂದ ಹಿಡಿದು ಬಗ್ಗಿಸಿ. ಮೊದಲು ಉದ್ದಕ್ಕೆ, ಆಮೇಲೆ ಅಗಲಕ್ಕೆ. ಯಾವ ಕಡೆ ಬಗ್ಗಿಸಿದಾಗ ಕೈಗೆ ಕಡಿಮೆ ತಡೆ ಸಿಗುತ್ತದೋ, ನಾರು ಆ ಬಾಗಿನ ಗೆರೆಯ ಉದ್ದಕ್ಕೆ ಓಡಿದೆ ಎಂದರ್ಥ. ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಒಂದು ಬಾಣದ ಗುರುತು ಹಾಕಿಟ್ಟರೆ ತುಂಡು ಮಾಡಿದ ಮೇಲೂ ಗೊಂದಲ ಇಲ್ಲ.

ಈಗ ಮಡಿಕೆ ಗೆರೆ. ಇದನ್ನು ಒತ್ತುವುದಕ್ಕೆ ಬೋನ್ ಫೋಲ್ಡರ್ (ಮೊಂಡು ತುದಿಯ ಚಪ್ಪಟೆ ಪಟ್ಟಿ), ಸ್ಕೋರಿಂಗ್ ಬೋರ್ಡ್ (ಅಳತೆಗೆ ತಕ್ಕ ಕಾಲುವೆಗಳಿರುವ ಹಲಗೆ) ಎಲ್ಲ ಸಿಗುತ್ತವೆ. ಇಲ್ಲದಿದ್ದರೆ ಇಂಕು ಖಾಲಿಯಾದ ಬಾಲ್ ಪೆನ್ ಸಾಕು. ಸ್ಟೀಲ್ ಸ್ಕೇಲ್ ಇಟ್ಟು ಹಗುರವಾಗಿ ಎರಡು ಮೂರು ಸಲ ಎಳೆಯಿರಿ. ಒಂದೇ ಸಲ ಜೋರಾಗಿ ಒತ್ತಿದರೆ ಮೇಲ್ಪದರ ಹರಿಯುತ್ತದೆ. ಯಾವ ಕಡೆ ಒತ್ತಬೇಕು ಎನ್ನುವುದು ತುಂಬ ಜನಕ್ಕೆ ಉಲ್ಟಾ ಅನಿಸಬಹುದು. ಗೆರೆ ಒತ್ತಿದಾಗ ಒಂದು ಬದಿಯಲ್ಲಿ ಕಾಲುವೆ ಬೀಳುತ್ತದೆ, ಇನ್ನೊಂದು ಬದಿಯಲ್ಲಿ ಸಣ್ಣ ಉಬ್ಬು ಏಳುತ್ತದೆ. ಕಾಲುವೆಯ ಒಳಕ್ಕೆ ಮಡಿಚಬೇಕು ಎಂದೇ ಕೈ ಹೇಳುತ್ತದೆ, ಅಲ್ವಾ? ಆದರೆ ಉಬ್ಬು ಒಳಗಡೆ ಬರುವ ಹಾಗೆ, ಅಂದರೆ ಕಾಲುವೆ ಹೊರಗೆ ಉಳಿಯುವ ಹಾಗೆ ಮಡಿಚಬೇಕು. ಹೊರಮೈ ಎಳೆದು ಹಿಗ್ಗುವುದು ಆಗ ಕಡಿಮೆ, ಬಿರುಕೂ ಕಡಿಮೆ. ಹಾಗಾಗಿ ನಾನು ಗೆರೆ ಒತ್ತುವುದು ಡಿಸೈನ್ ಇರುವ ಮುಖದ ಮೇಲೆ. ಪೆನ್ಸಿಲ್ ಗುರುತು ಮಾತ್ರ ಅಂಚಿನಲ್ಲಿ ಚುಕ್ಕಿಯಷ್ಟೇ.

ಒಂದು ಹೋಲ್ಡರ್ ಪೂರ್ತಿ ಹೇಳಿಬಿಡುತ್ತೇನೆ, ಉಳಿದದ್ದಕ್ಕೆಲ್ಲ ಇದೇ ಲೆಕ್ಕ. ಗಿಫ್ಟ್ ಕಾರ್ಡ್‌ಗಳು ಬಹುಪಾಲು ಬ್ಯಾಂಕ್ ಕಾರ್ಡ್‌ನ ಅಳತೆಯಲ್ಲೇ ಇರುತ್ತವೆ. ಅಗಲ 85.6 ಮಿ.ಮೀ., ಎತ್ತರ 54 ಮಿ.ಮೀ. ಎ4 ಹಾಳೆ 21 x 29.7 ಸೆಂ.ಮೀ. ಅದರ ಉದ್ದ ಬದಿಯಲ್ಲಿ 10, 10 ಸೆಂ.ಮೀ. ಗುರುತಿಸಿ ಕತ್ತರಿಸಿದರೆ 10 x 21ರ ಎರಡು ಪಟ್ಟಿ ಸಿಗುತ್ತವೆ. ನಾರು ಹಾಳೆಯ ಉದ್ದಕ್ಕೆ ಇದ್ದರೆ ನಮ್ಮ ಮಡಿಕೆಗಳೆಲ್ಲ ನಾರಿನ ದಿಕ್ಕಿಗೇ ಬೀಳುತ್ತವೆ.

ಪಟ್ಟಿಯ ಒಂದು ತುದಿಯಿಂದ 4 ಸೆಂ.ಮೀ.ಗೆ ಒಂದು ಗೆರೆ, 12.5ಕ್ಕೆ ಒಂದು, 12.8ಕ್ಕೆ ಇನ್ನೊಂದು. ಮೊದಲ 4 ಸೆಂ.ಮೀ. ಜೇಬು. ನಂತರದ 8.5 ಬೆನ್ನು. ಕೊನೆಯ 8.2 ಮುಚ್ಚಳ. ಬೆನ್ನಿಗೂ ಮುಚ್ಚಳಕ್ಕೂ ನಡುವೆ ಪಕ್ಕಪಕ್ಕದಲ್ಲೇ ಎರಡು ಗೆರೆ ಬಂದಿದೆ, ನೋಡಿ. ಆ 3 ಮಿ.ಮೀ. ಜಾಗವೇ ದಪ್ಪಕ್ಕೆ ಬಿಟ್ಟದ್ದು. ಒಳಗೆ ಜೇಬಿನ ಪದರ, ಪ್ಲಾಸ್ಟಿಕ್ ಕಾರ್ಡು, ಜೊತೆಗೊಂದು ಚೀಟಿ ಕೂತಿರುತ್ತದೆ. ಒಂದೇ ಗೆರೆ ಇದ್ದರೆ ಮುಚ್ಚಳ ಕಮಾನಿನ ಹಾಗೆ ಉಬ್ಬುತ್ತದೆ. ಎರಡು ಗೆರೆ ಇದ್ದರೆ ಪುಸ್ತಕದ ಬೆನ್ನಿನ ಹಾಗೆ ಚಪ್ಪಟೆಯಾಗಿ ಕೂರುತ್ತದೆ. ಮುಚ್ಚಳ 3 ಮಿ.ಮೀ. ಗಿಡ್ಡ ಇರುವುದೂ ಬೇಕೆಂದೇ. ಕೆಳಗಡೆ ಅದರ ಅಂಚು ಇಣುಕಬಾರದು.

ಜೇಬಿಗೆ ಅಂಟು ಹಾಕುವ ಮೊದಲೇ ಅದರ ಮೇಲಂಚಿನ ನಡುವೆ ಅರ್ಧ ಚಂದ್ರದಷ್ಟು ಪಂಚ್ ಮಾಡಿಕೊಳ್ಳಿ. ಕಾರ್ಡು ಎಳೆಯುವಾಗ ಹೆಬ್ಬೆರಳಿಗೆ ಹಿಡಿತ ಸಿಗುತ್ತದೆ. ಅಂಟಿಸಿದ ಮೇಲೆ ಪಂಚ್ ಮಾಡಿದರೆ ಬೆನ್ನೂ ತೂತಾಗುತ್ತದೆ. ಎರಡು ಬದಿಗೂ 3 ಮಿ.ಮೀ. ಅಗಲದ ಡಬಲ್ ಸೈಡ್ ಟೇಪ್ ಹಾಕಿದರೆ ಒಳಗೆ 9.4 ಸೆಂ.ಮೀ. ಉಳಿಯುತ್ತದೆ, ಕಾರ್ಡು ಸಲೀಸಾಗಿ ಹೋಗುತ್ತದೆ. ಅದೇ 6 ಮಿ.ಮೀ. ಟೇಪ್ ಹಾಕಿದರೆ ಉಳಿಯುವುದು 8.8. ಕಾರ್ಡು ಹೋಗುತ್ತದೇನೋ ಸರಿ, ಆದರೆ ಪಡೆದವರು ಅದನ್ನು ಹೊರಗೆ ಎಳೆಯುವಷ್ಟರಲ್ಲಿ ಜೇಬು ಸುಕ್ಕಾಗಿರುತ್ತದೆ.

ಡಿಸೈನ್‌ಗೆ ತಲೆ-ಬುಡ ಇದ್ದರೆ, ಅಂದರೆ ಹಕ್ಕಿ, ಮರ, ಅಕ್ಷರ ಇಂಥದ್ದಿದ್ದರೆ, ಇಲ್ಲಿ ಒಂದು ತಮಾಷೆ ಇದೆ. ಚಿತ್ರದ ತಲೆ ಜೇಬಿನ ತುದಿಯ ಕಡೆಗಿರುವ ಹಾಗೆ ಪಟ್ಟಿ ಕತ್ತರಿಸಬೇಕು. ಆಗ ಮುಚ್ಚಳದ ಮೇಲೆ ಹಕ್ಕಿ ನೆಟ್ಟಗೆ ನಿಲ್ಲುತ್ತದೆ. ಜೇಬು ಮೇಲಕ್ಕೆ ಮಡಿಚಿದರೆ ಅಲ್ಲೂ ನೆಟ್ಟಗೆ. ಬೆನ್ನಿನ ಮೇಲೆ ಮಾತ್ರ ತಲೆಕೆಳಗು. ಅದನ್ನು ಯಾರು ನೋಡುತ್ತಾರೆ ಎಂದು ನಾನು ಬಿಟ್ಟುಬಿಡುತ್ತೇನೆ. ಮನಸ್ಸು ಕೇಳದವರು ಬೇರೆ ತುಂಡು ಅಂಟಿಸಬಹುದು, ಇನ್ನೊಂದು ಪದರದ ದಪ್ಪ ಸೇರಿತು ಅಷ್ಟೇ. ಚಿಕ್ಕ ಹೂವಿನ, ಚುಕ್ಕಿಯ ಡಿಸೈನ್ ಆದರೆ ಈ ತಲೆನೋವೇ ಇಲ್ಲ. ದೊಡ್ಡ ದೊಡ್ಡ ಹೂವಿನ ಹಾಳೆ ಅಂಗಡಿಯಲ್ಲಿ ಕಣ್ಣು ಸೆಳೆಯುತ್ತದೆ, ಇಷ್ಟು ಚಿಕ್ಕ ವಸ್ತುವಿಗೆ ಬಂದಾಗ ಅರ್ಧ ಎಸಳು ಮಾತ್ರ ಕಾಣುತ್ತದೆ.

ಎ4ನಲ್ಲಿ ಇನ್ನೂ 9.7 ಸೆಂ.ಮೀ. ಪಟ್ಟಿ ಉಳಿದಿದೆಯಲ್ಲ, ಅದರಿಂದ 3 ಸೆಂ.ಮೀ. ಅಗಲದ ಎರಡು ಸೊಂಟಪಟ್ಟಿ ತೆಗೆಯುತ್ತೇನೆ. ಹೋಲ್ಡರ್‌ನ ಮೇಲಿಂದ ಕೆಳಕ್ಕೆ ಸುತ್ತಿದರೆ 21 ಸೆಂ.ಮೀ. ಉದ್ದ ಸಾಕಾಗಿ, ಅಂಟಿಸುವುದಕ್ಕೂ ಸ್ವಲ್ಪ ಉಳಿಯುತ್ತದೆ. ಇದನ್ನು ಸ್ಕೇಲ್‌ನಲ್ಲಿ ಅಳೆಯಲು ಹೋಗಬೇಡಿ. ಕಾರ್ಡು, ಚೀಟಿ ಎಲ್ಲ ಒಳಗಿಟ್ಟು ಮುಚ್ಚಿದ ಹೋಲ್ಡರ್‌ಗೇ ಸುತ್ತಿ, ಬೆರಳಿಂದ ಮಡಿಕೆ ಗುರುತು ಮಾಡಿ, ಒಂದು ಕೂದಲೆಳೆ ಸಡಿಲ ಬಿಟ್ಟು ಅಂಟಿಸಿ. ಜಾರುವ ಪೆಟ್ಟಿಗೆಯ ಹೊರಕವಚಕ್ಕೂ ಇದೇ ವಿಧಾನ. ಒಳಗಿನ ತಟ್ಟೆ ಮಾಡಿ, ಒಣಗಲು ಬಿಟ್ಟು, ಅದಕ್ಕೇ ಸುತ್ತಿ ಗುರುತು ಹಾಕಿ ಪ್ರತಿ ಬದಿಗೆ ಅರ್ಧದಿಂದ ಒಂದು ಮಿ.ಮೀ. ಜಾಸ್ತಿ ಬಿಡುತ್ತೇನೆ. ಲೆಕ್ಕದ ಪುಸ್ತಕದಲ್ಲಿ ಎಷ್ಟೇ ಸರಿ ಬಂದರೂ ತಟ್ಟೆಯ ಮೂಲೆಗಳಲ್ಲಿ ಮಡಿಕೆ ಸೇರಿ ದಪ್ಪವಾಗಿರುತ್ತದೆ.

ಅಂಟೇ ಬೇಡ ಎನ್ನುವವರಿಗೆ ಒರಿಗಾಮಿಯ ಮಾಸು ಡಬ್ಬಿ ಇದೆ, ಚೌಕ ಹಾಳೆಯೊಂದರಿಂದ ಬರುವ ಚೌಕ ಡಬ್ಬಿ. 30 ಸೆಂ.ಮೀ. ಹಾಳೆಗೆ 10.6 ಸೆಂ.ಮೀ. ತಳ, 5.3 ಸೆಂ.ಮೀ. ಎತ್ತರ ಸಿಗುತ್ತದೆ. ಕೆಳಗಿನ ಡಬ್ಬಿಗೆ ಹಾಳೆಯನ್ನು 6 ಮಿ.ಮೀ. ಚಿಕ್ಕದು ಮಾಡಿಕೊಂಡರೆ ತಳ ಸುಮಾರು 2 ಮಿ.ಮೀ. ಕಿರಿದಾಗುತ್ತದೆ, ಮೇಲಿನದು ಮುಚ್ಚಳವಾಗಿ ಕೂರುತ್ತದೆ. ಇದಕ್ಕೆ 160 ಜಿಎಸ್ಎಂ ಮೀರಬೇಡಿ. ದಪ್ಪ ಹಾಳೆಯಲ್ಲಿ ತಳದ ನಾಲ್ಕು ಮೂಲೆ ಎದ್ದು ನಿಂತುಬಿಡುತ್ತವೆ.

ದಿಂಬಿನಾಕಾರದ ಡಬ್ಬಿಗೆ ಬಾಗಿದ ಗೆರೆ ಬೇಕು. ಬಟ್ಟಲೋ ತಟ್ಟೆಯೋ ಇಟ್ಟು ಅಂಚಿನ ಗುಂಟ ಒತ್ತಿದರಾಯಿತು. ನಾರು ಡಬ್ಬಿಯ ಉದ್ದಕ್ಕೆ ಇರಲಿ. ಬಾಗಿದ ಗೆರೆಯನ್ನು ಒಂದೇ ಏಟಿಗೆ ಮಡಿಚಬಾರದು. ಹೆಬ್ಬೆರಳಿಂದ ಒಂದು ತುದಿಯಿಂದ ಸ್ವಲ್ಪ ಸ್ವಲ್ಪವೇ ಒಳಕ್ಕೆ ತಳ್ಳುತ್ತ ಬಂದರೆ ತಾನೇ ಬಾಗುತ್ತದೆ.

ಅಂಟಿನ ವಿಷಯದಲ್ಲಿ ನನ್ನದು ಸ್ವಲ್ಪ ಪಕ್ಷಪಾತ. ನೇರ ಅಂಚಿಗೆ ಟೇಪ್, ಪೆಟ್ಟಿಗೆಯ ಮೂಲೆಗೆ ಬಿಳಿ ಅಂಟು. ಟೇಪ್ ಒಮ್ಮೆ ಹಿಡಿದರೆ ಬಿಡುವುದಿಲ್ಲ, ಬಿಳಿ ಅಂಟು ಅತ್ತಿತ್ತ ಸರಿಸಲು ಸ್ವಲ್ಪ ಹೊತ್ತು ಕೊಡುತ್ತದೆ. ಆದರೆ ಅದರಲ್ಲಿ ನೀರಿದೆ, ಜಾಸ್ತಿ ಬಳಿದರೆ ಹಾಳೆ ಸುರುಳಿಯಾಗುತ್ತದೆ. ಮಿನುಗು ಹಾಳೆಯ ಮೇಲೆ ಟೇಪ್ ನಿಲ್ಲುವುದೇ ಕಷ್ಟ, ಅಂಟುವುದು ಕಾಗದಕ್ಕಲ್ಲ, ಉದುರುವ ಮಿನುಗಿಗೆ. ಅಂಥ ಹಾಳೆಯಾದರೆ ಹಿಂಬದಿಗೆ ಹಿಂಬದಿ ಸೇರುವ ಹಾಗೆ ಪ್ಲಾನ್ ಮಾಡುತ್ತೇನೆ, ಇಲ್ಲವೇ ಅದನ್ನು ಮೇಲಲಂಕಾರಕ್ಕಷ್ಟೇ ಇಡುತ್ತೇನೆ.

ಗಾಢ ಬಣ್ಣದ ಹಾಳೆಯ ಮಡಿಕೆಯನ್ನು ಉಜ್ಜಿ ಕೂರಿಸುವಾಗ ಮೇಲೊಂದು ತೆಳು ಹಾಳೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಉಜ್ಜಿದ ಜಾಗ ಹೊಳಪು ಬಂದು ಗೆರೆಯಾಗಿ ಎದ್ದು ಕಾಣುತ್ತದೆ. ಎಷ್ಟು ಹುಷಾರಾಗಿದ್ದರೂ ಮಡಿಕೆಯಲ್ಲಿ ಬಿಳಿ ಇಣುಕಿದರೆ ಅದೇ ಬಣ್ಣದ ಸ್ಟಾಂಪ್ ಇಂಕನ್ನು ಸ್ಪಂಜಿನಿಂದ ಹಗುರವಾಗಿ ತಾಕಿಸಿ. ಒಳಗಿನವರೆಗೂ ಬಣ್ಣ ಇರುವ ಕಾರ್ಡ್‌ಸ್ಟಾಕ್ ಆದರೆ ಅದೂ ಬೇಡ. ಇನ್ನು ಒಳಗೆ ಏನಾದರೂ ಬರೆಯುವುದಿದ್ದರೆ ಜೇಬು ಅಂಟಿಸುವ ಮೊದಲೇ ಬರೆದುಬಿಡಿ. ಆಮೇಲೆ ಪೆನ್ನು ಜೇಬಿನ ಅಂಚಿನ ಮೇಲೆ ಎಡವುತ್ತದೆ.